ಓವನ್ ಬೇಡದ ಹಣ್ಣಿನ ಸಿಹಿ, ಪ್ರೋಟೀನ್ ಜಾಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗಟ್ಟಿ ಮೊಸರು, ಹಣ್ಣು, ಒಂದಿಷ್ಟು ಪ್ರೋಟೀನ್ ಪುಡಿ. ಇಷ್ಟನ್ನು ಸೇರಿಸಿ ಫ್ರಿಜ್ಜಿನಲ್ಲಿಟ್ಟರೆ ಸಿಹಿ ತಯಾರು. ಹೇಳೋದಕ್ಕೆ ಸುಲಭ. ಆದರೆ ಮಾಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಮೂರು: ಯಾಕೆ ನೀರು ಬಿಟ್ಟಿತು, ಯಾಕೆ ಗಟ್ಟಿ ಆಗಲಿಲ್ಲ, ಯಾಕೆ ಕಹಿ ಬಂತು. ಮೊದಲ ಎರಡಕ್ಕೂ ಕಾರಣ ಬಹುಪಾಲು ನೀರೇ. ಮೊಸರಿನ ನೀರು, ಹಣ್ಣಿನ ನೀರು, ಪುಡಿ ಕುಡಿಯುವ ನೀರು. ಇವುಗಳ ಲೆಕ್ಕ ಕೈಗೆ ಬಂದರೆ ಉಳಿದದ್ದು ಆಟ. ಕಹಿಯ ಕತೆ ಬೇರೆಯೇ, ಅದು ಕೆಳಗಿದೆ.

ಇದು ಚೀಸ್‌ಕೇಕೋ, ಪುಡ್ಡಿಂಗೋ, ಜೆಲ್ಲಿಯೋ?

ಮೂರರ ನಡುವೆ ಎಲ್ಲೋ. ಚೀಸ್‌ಕೇಕಿನಷ್ಟು ಜಿಡ್ಡಿಲ್ಲ, ಜೆಲ್ಲಿಯಷ್ಟು ಅಲುಗಾಡುವುದಿಲ್ಲ. ಚಮಚ ಹಾಕಿದರೆ ಮೆತ್ತಗೆ ಒಳಗೆ ಹೋಗಬೇಕು, ಚಮಚ ತೆಗೆದ ಮೇಲೆ ಗುಂಡಿ ಹಾಗೇ ಉಳಿಯಬೇಕು. ನನಗೆ ಬೇಕಾದ ಹದ ಅದು. ಹೆಸರು ನಿಮ್ಮಿಷ್ಟ.

ಮೊದಲು ಅಳತೆ ಹೇಳಿ, ಆಮೇಲೆ ಪುರಾಣ.

ಸರಿ. ನಾಲ್ಕು ಬಟ್ಟಲಿಗೆ:

ಮೊಸರು 800 ಗ್ರಾಂ (ಸೋಸಿದ ಮೇಲೆ ಸುಮಾರು 400 ಗ್ರಾಂ ಉಳಿಯುತ್ತದೆ)
ಹಣ್ಣು 300 ಗ್ರಾಂ (200 ರುಬ್ಬಲು, 100 ಹೆಚ್ಚಿ ಮೇಲೆ ಹಾಕಲು)
ಪ್ರೋಟೀನ್ ಪುಡಿ 30 ಗ್ರಾಂ
ಚೈನಾ ಗ್ರಾಸ್ (ಅಗರ್ ಅಗರ್) ಪುಡಿ ಮಟ್ಟಸವಾಗಿ 1 ಟೀ ಚಮಚ, ಅಂದರೆ ಸುಮಾರು 2 ಗ್ರಾಂ
ನೀರು 120 ಮಿ.ಲೀ.
ಜೇನುತುಪ್ಪ 1 ದೊಡ್ಡ ಚಮಚ
ಚಿಟಿಕೆ ಉಪ್ಪು

ಸೋಸಿದ ಮೊಸರನ್ನು ಮೊದಲೇ ಫ್ರಿಜ್ಜಿನಿಂದ ಹೊರಗಿಡಿ, ಪಾತ್ರೆ ಮುಟ್ಟಿದರೆ ತಣ್ಣಗೆ ಅನಿಸದ ಹಾಗೆ. ಪುಡಿಗೆ ನಾಲ್ಕು ಚಮಚ ಮೊಸರು ಹಾಕಿ ಪೇಸ್ಟಿನ ಹಾಗೆ ಕಲಸಿ. ಆಮೇಲೆ ಉಳಿದ ಮೊಸರು, ಜೇನು, ಉಪ್ಪು ಸೇರಿಸಿ. ಹಣ್ಣನ್ನು ರುಬ್ಬಿ ಸ್ವಲ್ಪ ಬಿಸಿ ಮಾಡಿ, ಕುದಿಯುವುದು ಬೇಡ. ಚೈನಾ ಗ್ರಾಸನ್ನು ತಣ್ಣೀರಿನ ಮೇಲೆ ಉದುರಿಸಿ ಐದು ನಿಮಿಷ ಬಿಡಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸುತ್ತಾ ಇರಿ. ಒಲೆ ಆರಿಸಿ, ಬೆಚ್ಚಗಿನ ಹಣ್ಣನ್ನು ಅದಕ್ಕೆ ಸುರಿಯಿರಿ. ಈ ಮಿಶ್ರಣಕ್ಕೆ ಮೊದಲು ಎರಡು ಚಮಚ ಮೊಸರು ಕಲಸಿ, ಆಮೇಲೆ ಎಲ್ಲವನ್ನೂ ಮೊಸರಿಗೆ ಸೇರಿಸಿ ಬೇಗ ಬೇಗ ತಿರುಗಿಸಿ. ಬಟ್ಟಲಿಗೆ ಹಾಕಿ. ಫ್ರಿಜ್ಜಿನಲ್ಲಿ ಎರಡು ಗಂಟೆ ಇದ್ದರೆ ಸಾಕು.

ಬೇಕ್ ಮಾಡೋದಿಲ್ಲ ಅಂದ ಮಾತ್ರಕ್ಕೆ ಒಲೆಯೇ ಬೇಡ ಅಂತಲ್ಲ, ಗಮನಿಸಿದಿರಲ್ವಾ? ಒಲೆಯ ತಂಟೆಯೇ ಬೇಡ ಅನ್ನುವವರಿಗೆ ಚಿಯಾ ಬೀಜದ ದಾರಿ ಇದೆ, ಅದನ್ನೂ ಹೇಳುತ್ತೇನೆ.

ಮೊಸರನ್ನು ಎಷ್ಟು ಹೊತ್ತು ಸೋಸಬೇಕು? ಆಯ್ತು ಅಂತ ಗೊತ್ತಾಗೋದು ಹೇಗೆ?

ಗಡಿಯಾರ ನೋಡಬೇಡಿ, ಮೊಸರು ನೋಡಿ. ಜರಡಿಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಕೆಳಗೆ ಪಾತ್ರೆ ಇಟ್ಟು, ಮೊಸರು ಸುರಿದು, ಬಟ್ಟೆಯ ತುದಿಗಳನ್ನು ಮೇಲೆ ಮಡಚಿ ಫ್ರಿಜ್ಜಿಗೆ ಇಡಿ. ಮೊದಲ ಗಂಟೆಯಲ್ಲಿ ನೀರು ಧಾರಾಳವಾಗಿ ಇಳಿಯುತ್ತದೆ. ತಿಳಿ ಹಳದಿ, ಸ್ವಲ್ಪ ಹಸಿರು ಛಾಯೆ. ಆ ಬಣ್ಣ ರೈಬೋಫ್ಲಾವಿನ್‌ದು, ಅಂದರೆ ಬಿ2 ವಿಟಮಿನ್. ಮೊಸರು ಕೆಟ್ಟಿದೆ ಅಂತ ಗಾಬರಿಯಾಗಿ ಚೆಲ್ಲಿದವರನ್ನು ನೋಡಿದ್ದೇನೆ.

ಮೂರು ಗಂಟೆ ಕಳೆದ ಮೇಲೆ ಧಾರೆ ಹೋಗಿ ಹನಿ ಬರುತ್ತದೆ. ಐದಾರು ಗಂಟೆಗೆ ಹನಿಯೂ ನಿಧಾನವಾಗುತ್ತದೆ. ಆಗ ಬಟ್ಟೆಯ ಒಂದು ಮೂಲೆ ಎತ್ತಿ ನೋಡಿ. ಮೊಸರು ಬಟ್ಟೆಗೆ ಅಂಟಿಕೊಂಡು ಜೊತೆಗೇ ಎದ್ದು ಬಂದರೆ ಇನ್ನೂ ಆಗಿಲ್ಲ. ಬಟ್ಟೆ ಸಲೀಸಾಗಿ ಬಿಟ್ಟುಕೊಂಡು, ಮೊಸರಿನ ಮೈ ಮೇಲೆ ನೇಯ್ಗೆಯ ಅಚ್ಚು ಉಳಿದರೆ ಆಯ್ತು. ಚಮಚದಿಂದ ಗೆರೆ ಎಳೆದರೆ ಗೆರೆಯಲ್ಲಿ ನೀರು ತುಂಬಬಾರದು.

ಬೇಗ ಆಗಲಿ ಅಂತ ಹಿಂಡಬೇಡಿ. ನೀರಿನ ಜೊತೆ ಮೊಸರೂ ಬಟ್ಟೆಯ ಕಣ್ಣಿನಿಂದ ಹೊರಬರುತ್ತದೆ. ಅವಸರ ಇದ್ದರೆ ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ನೀರು ತುಂಬಿದ ಲೋಟ ಇಡಿ.

ಎಷ್ಟು ಕಾದರೂ ನೀರೇ ಇಳಿಯದಿದ್ದರೆ ಡಬ್ಬಿಯ ಮೇಲಿನ ಚೀಟಿ ಓದಿ. ಪಿಷ್ಟ, ಜೆಲಾಟಿನ್ ಅಥವಾ ಗೋಂದಿನಂಥದ್ದು ಹಾಕಿ ಗಟ್ಟಿ ಮಾಡಿದ ಮೊಸರು ನೀರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹಾಲು ಮತ್ತು ಹೆಪ್ಪು ಮಾತ್ರ ಇರುವ ಮೊಸರು ತೆಗೆದುಕೊಳ್ಳಿ.

ಸೋಸಿದ ನೀರು ಚೆಲ್ಲಬೇಕಾ?

ಬೇಡ. ಹಿಟ್ಟು ಕಲಸಲು, ಸೂಪಿಗೆ, ಹಣ್ಣಿನ ಜ್ಯೂಸಿಗೆ ಬಳಸಿ. ಚೈನಾ ಗ್ರಾಸ್ ಕುದಿಸಲು ಮಾತ್ರ ಇದನ್ನು ಬಳಸಬೇಡಿ. ಹುಳಿ ನೀರಿನಲ್ಲಿ ಕುದಿಸಿದರೆ ಅದರ ಹಿಡಿತ ಸಡಿಲವಾಗುತ್ತದೆ.

ಪ್ರೋಟೀನ್ ಜಾಸ್ತಿ ಅಂತೀರಲ್ಲ, ನಿಜವಾಗಿ ಎಷ್ಟು?

ಲೆಕ್ಕ ಹಾಕೋಣ. ಮಾಮೂಲಿ ಮೊಸರಿನಲ್ಲಿ 100 ಗ್ರಾಂಗೆ ಸುಮಾರು 3.5 ಗ್ರಾಂ ಪ್ರೋಟೀನ್. 800 ಗ್ರಾಂ ಮೊಸರಿಗೆ 28 ಗ್ರಾಂ ಆಯಿತು. ಸೋಸಿದಾಗ ನೀರಿನ ಜೊತೆ ಸುಮಾರು 3 ಗ್ರಾಂ ಹೋಗುತ್ತದೆ. ಉಳಿದದ್ದು 25. ಮೇಲೆ ಹೇಳಿದ 30 ಗ್ರಾಂ ವೇ ಪ್ರೋಟೀನ್ ಪುಡಿ (ಹಾಲು ಒಡೆದಾಗ ಉಳಿಯುವ ನೀರಿನಿಂದ ಮಾಡಿದ್ದು) ಹಾಕಿದರೆ 20ರಿಂದ 25 ಗ್ರಾಂ ಸೇರುತ್ತದೆ. ಹಣ್ಣಿನದು ಲೆಕ್ಕಕ್ಕಿಲ್ಲ. ಒಟ್ಟು 45ರಿಂದ 50 ಗ್ರಾಂ. ನಾಲ್ಕು ಪಾಲು ಮಾಡಿದರೆ ಬಟ್ಟಲಿಗೆ ಸುಮಾರು 12 ಗ್ರಾಂ. ಎರಡು ಮೊಟ್ಟೆಯಲ್ಲಿ ಇರುವಷ್ಟು.

ಕ್ಯಾಲೊರಿ ಬಟ್ಟಲಿಗೆ 180–190ರ ಆಸುಪಾಸು, ಕೆನೆ ಇರುವ ಮೊಸರಾದರೆ. ಕೆನೆ ತೆಗೆದ ಹಾಲಿನ ಮೊಸರಾದರೆ ಇನ್ನೂ ಕಮ್ಮಿ. ಆದರೆ ಪೂರ್ತಿ ಕೆನೆ ತೆಗೆದದ್ದು ಬಾಯಿಗೆ ಸ್ವಲ್ಪ ಸುಣ್ಣದ ಹಾಗೆ ಅನಿಸುತ್ತದೆ. ಅರ್ಧಂಬರ್ಧ ಕೆನೆ ಇರುವುದೇ ನನ್ನ ಆಯ್ಕೆ.

ಇದನ್ನು ದೊಡ್ಡ ಸಾಧನೆ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಜೊತೆಗಿನ ಸಂಸ್ಥೆಗಳು 2007ರ ವರದಿಯಲ್ಲಿ ಹೇಳಿದ್ದು ಆರೋಗ್ಯವಂತ ದೊಡ್ಡವರಿಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ. 60 ಕೆ.ಜಿ. ಇರುವವರಿಗೆ ಸುಮಾರು 50 ಗ್ರಾಂ. ಅದರ ಕಾಲು ಪಾಲು ಒಂದು ಸಿಹಿ ಬಟ್ಟಲಲ್ಲಿ ಸಿಕ್ಕರೆ ಖುಷಿಯೇ. ಆದರೆ ಊಟದ ಜಾಗಕ್ಕೆ ಇದು ಬರುವುದಿಲ್ಲ.

ಪ್ರೋಟೀನ್ ಪುಡಿ ಬೇಕೇ ಬೇಕಾ?

ಇಲ್ಲ. ಮೇಲಿನ ಲೆಕ್ಕ ನೋಡಿ, ಅರ್ಧದಷ್ಟು ಮೊಸರಿನಿಂದಲೇ ಬಂತು. ಪುಡಿ ಇಷ್ಟವಿಲ್ಲದಿದ್ದರೆ 100 ಗ್ರಾಂ ಮೆತ್ತಗಿನ ಪನೀರನ್ನು ಎರಡು ಚಮಚ ಹಾಲು ಹಾಕಿ ನುಣ್ಣಗೆ ರುಬ್ಬಿ ಸೇರಿಸಿ. ಸುಮಾರು 18 ಗ್ರಾಂ ಪ್ರೋಟೀನ್ ಬಂತು. ಜೊತೆಗೆ ಕೊಬ್ಬೂ ಬರುತ್ತದೆ, ಹಾಗಾಗಿ ಸಿಹಿ ಸ್ವಲ್ಪ ಭಾರ ಆಗುತ್ತದೆ. ರುಚಿ ಮಾತ್ರ ಚೆನ್ನ.

ಇನ್ನೊಂದು ದಾರಿ ಕೆನೆ ತೆಗೆದ ಹಾಲಿನ ಪುಡಿ. ಅದರಲ್ಲಿ 100 ಗ್ರಾಂಗೆ 35 ಗ್ರಾಂ ಆಸುಪಾಸು ಪ್ರೋಟೀನ್ ಇದೆ. 30 ಗ್ರಾಂ ಹಾಕಿದರೆ 10 ಗ್ರಾಂ ಬಂತು. ಹಾಲಿನ ಸಿಹಿಯೂ ಇರುವುದರಿಂದ ಜೇನು ಕಮ್ಮಿ ಮಾಡಬಹುದು. ಯಾರೂ ಇದನ್ನು ಪ್ರೋಟೀನ್ ಪುಡಿ ಅಂತ ಕರೆಯುವುದಿಲ್ಲ, ಪಾಪ.

ಕಡಲೆಕಾಯಿ ಬೆಣ್ಣೆ? ಪ್ರೋಟೀನ್ ಇದೆ, ಆದರೆ ತೂಕದಲ್ಲಿ ಅರ್ಧದಷ್ಟು ಕೊಬ್ಬು. ಒಂದು ಚಮಚ ರುಚಿಗೆ ಹಾಕಿ, ಪ್ರೋಟೀನ್ ಲೆಕ್ಕಕ್ಕಲ್ಲ. ಬಾಳೆಹಣ್ಣಿನ ಜೊತೆ ಚೆನ್ನಾಗಿರುತ್ತದೆ.

ಪುಡಿ ಹಾಕಿದರೆ ಗಂಟು ಗಂಟು ಆಗುತ್ತದೆ. ಏನು ಮಾಡಲಿ?

ಪುಡಿಯನ್ನು ಮೊಸರಿನ ಮೇಲೆ ಸುರಿಯುತ್ತೀರಿ, ಅದಕ್ಕೇ. ಹೊರಗಿನ ಪದರ ಮೊದಲು ಒದ್ದೆಯಾಗಿ ಅಂಟಾಗುತ್ತದೆ, ಒಳಗೆ ಒಣ ಪುಡಿ ಸಿಕ್ಕಿಹಾಕಿಕೊಳ್ಳುತ್ತದೆ. ಉಲ್ಟಾ ಮಾಡಿ. ಬಟ್ಟಲಿಗೆ ಮೊದಲು ಪುಡಿ, ಆಮೇಲೆ ಸ್ವಲ್ಪ ಸ್ವಲ್ಪ ಮೊಸರು. ಗಟ್ಟಿ ಪೇಸ್ಟ್ ಆದಾಗ ಚಮಚದ ಬೆನ್ನಿನಿಂದ ಬಟ್ಟಲಿನ ಗೋಡೆಗೆ ಒತ್ತಿ ಉಜ್ಜಿ. ಗಂಟು ಒಡೆಯುವುದು ಆ ಗಟ್ಟಿ ಹದದಲ್ಲಿ ಮಾತ್ರ, ತೆಳ್ಳಗಾದ ಮೇಲೆ ಚಮಚಕ್ಕೆ ಸಿಗದೆ ತಪ್ಪಿಸಿಕೊಂಡು ಓಡಾಡುತ್ತವೆ.

ಮಿಕ್ಸಿಯಲ್ಲಿ ತಿರುಗಿಸಬಹುದಾ ಅಂತ ಕೇಳುತ್ತಾರೆ. ಪುಡಿಯನ್ನು ಹಣ್ಣಿನ ಜೊತೆ ತಿರುಗಿಸಿದರೆ ಬೇಕಾದಷ್ಟು ನೊರೆ ಬರುತ್ತದೆ, ವೇ ಪುಡಿಯ ಸ್ವಭಾವವೇ ಅದು. ಸೋಸಿದ ಮೊಸರನ್ನು ಮಿಕ್ಸಿಗೆ ಹಾಕಿದರೆ ತೆಳ್ಳಗಾಗುತ್ತದೆ. ಇಷ್ಟು ಹೊತ್ತು ಸೋಸಿದ್ದು ಯಾಕೆ ಹಾಗಾದರೆ?

ಯಾವ ಪುಡಿ ಒಳ್ಳೆಯದು?

ಕಂಪನಿಯ ಹೆಸರು ಹೇಳುವುದಿಲ್ಲ, ಬಗೆ ಹೇಳುತ್ತೇನೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು 80 ಭಾಗ ಕೇಸಿನ್, 20 ಭಾಗ ವೇ. ಎರಡೂ ಪುಡಿಯಾಗಿ ಸಿಗುತ್ತವೆ, ಆದರೆ ಸ್ವಭಾವ ಬೇರೆ. ವೇ ಸುಲಭವಾಗಿ ಕರಗುತ್ತದೆ, ಮಿಶ್ರಣವನ್ನು ಗಟ್ಟಿ ಮಾಡುವುದಿಲ್ಲ. ಕೇಸಿನ್ ನೀರು ಕುಡಿದು ಉಬ್ಬುತ್ತದೆ. ಚೈನಾ ಗ್ರಾಸ್ ಇಲ್ಲದೆ ಮಾಡುವವರಿಗೆ ಕೇಸಿನ್ ವಾಸಿ. ಹತ್ತು ನಿಮಿಷ ಬಿಟ್ಟರೆ ಪುಡ್ಡಿಂಗಿನ ಹದ ಅದೇ ಬರುತ್ತದೆ.

ಬಟಾಣಿ ಪ್ರೋಟೀನಿನಂಥ ಸಸ್ಯದ ಪುಡಿಗಳು ನಾಲಿಗೆಗೆ ತರಿ ತರಿ. ಕಲಸಿ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟರೆ ತರಿ ಕಮ್ಮಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮಾವು, ಬಾಳೆಯಂಥ ದಪ್ಪ ತಿರುಳಿನ ಹಣ್ಣಿನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ.

ಸಿಹಿ ಸೇರಿಸಿದ ಪುಡಿಯಾದರೆ ಜೇನು ಹಾಕುವ ಮೊದಲು ರುಚಿ ನೋಡಿ. ಕೊನೆಯಲ್ಲಿ ನಾಲಿಗೆ ಮೇಲೆ ಉಳಿಯುವ ಆ ಒಂಥರಾ ರುಚಿಗೆ ನಿಂಬೆ ಸಿಪ್ಪೆಯ ತುರಿ ಮತ್ತು ಚಿಟಿಕೆ ಉಪ್ಪು ಒಳ್ಳೆಯ ಮದ್ದು.

ಪುಡಿ ಬಿಸಿಯಾದರೆ ಪ್ರೋಟೀನ್ ಹಾಳಾಗುತ್ತದಾ?

ಹಾಳಾಗುವುದಿಲ್ಲ. ವೇ ಪ್ರೋಟೀನ್ ಸುಮಾರು 70 ಡಿಗ್ರಿ ದಾಟಿದರೆ ರೂಪ ಬದಲಿಸಿ ಗಟ್ಟಿಯಾಗಿ ತರಿಯಾಗುತ್ತದೆ, ಅಷ್ಟೇ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಎಲ್ಲೂ ಹೋಗುವುದಿಲ್ಲವಲ್ಲ, ಹಾಗೆ. ತೊಂದರೆ ಆಗುವುದು ಹದಕ್ಕೆ.

ಚೈನಾ ಗ್ರಾಸ್ ಒಳ್ಳೆಯದೋ, ಜೆಲಾಟಿನ್ ಒಳ್ಳೆಯದೋ?

ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯ ಕೊಲಾಜೆನ್‌ನಿಂದ ಬರುವುದು. ಸಸ್ಯಾಹಾರಿಗಳಿಗೆ ಆಗುವುದಿಲ್ಲ. ಚೈನಾ ಗ್ರಾಸ್, ಅಂದರೆ ಅಗರ್ ಅಗರ್, ಕೆಂಪು ಕಡಲಪಾಚಿಯಿಂದ ಬರುವುದು. ಇವೆರಡರ ನಡುವೆ ಆಯ್ಕೆ ಬರೀ ಸಸ್ಯಾಹಾರದ ಪ್ರಶ್ನೆಯಲ್ಲ. ಬಾಯಲ್ಲಿ ನಡೆದುಕೊಳ್ಳುವ ರೀತಿಯೇ ಬೇರೆ. ಜೆಲಾಟಿನ್ ಮೈ ಬಿಸಿಗೆ ಕರಗುತ್ತದೆ, ಹಾಗಾಗಿ ನಾಲಿಗೆ ಮೇಲೆ ಬೆಣ್ಣೆಯ ಹಾಗೆ. ಚೈನಾ ಗ್ರಾಸ್ ಕರಗಲು 85 ಡಿಗ್ರಿಯಷ್ಟು ಬಿಸಿ ಬೇಕು, ಹಾಗಾಗಿ ಬಾಯಲ್ಲಿ ಕರಗದೆ ಪಟ್ ಅಂತ ಮುರಿಯುತ್ತದೆ. ಜಾಸ್ತಿ ಹಾಕಿದರೆ ರಬ್ಬರ್ ಅಲ್ಲ, ಸೀಮೆಸುಣ್ಣ. ಅದಕ್ಕೇ ನನ್ನ ಅಳತೆ ಇಷ್ಟು ಸಣ್ಣದು. ಗಟ್ಟಿತನದ ಮುಕ್ಕಾಲು ಪಾಲು ಸೋಸಿದ ಮೊಸರೇ ಕೊಡುತ್ತದೆ, ಚೈನಾ ಗ್ರಾಸ್ ನೀರನ್ನು ಹಿಡಿದಿಟ್ಟರೆ ಸಾಕು.

ಸೆಕೆಯಲ್ಲಿ ಬಡಿಸುವುದಾದರೆ ಚೈನಾ ಗ್ರಾಸೇ ವಾಸಿ. ಇದು ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ ಹೋದ ಪಾಠ ಗೊತ್ತಾ? 1881ರ ಸುಮಾರಿಗೆ ಜರ್ಮನಿಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ಬಿಸಿಗೆ ಅದು ಕರಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದು ನೀರು ಮಾಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಥರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ ಹೆಸ್ಸೆ ಜೆಲ್ಲಿ, ಪುಡ್ಡಿಂಗಿಗೆ ಅಗರ್ ಬಳಸಿ ರೂಢಿ ಇದ್ದವರು. ಇದನ್ನು ಹಾಕಿ ನೋಡಿ ಅಂದರು. ಇವತ್ತಿಗೂ ಪ್ರಯೋಗಾಲಯಗಳಲ್ಲಿ ಅಗರ್ ತಟ್ಟೆಗಳೇ ಇರುವುದು.

ಕಡ್ಡಿ ಅಥವಾ ಎಳೆ ರೂಪದ ಚೈನಾ ಗ್ರಾಸ್ ಸಿಕ್ಕರೆ ತೂಕ ಮಾಡಿ ಹಾಕಿ, ಚಮಚದ ಅಳತೆ ಅದಕ್ಕೆ ಹೊಂದುವುದಿಲ್ಲ. ಮುಂಚೆ ಅರ್ಧ ಗಂಟೆ ನೆನೆಸಿ. ಕರಗಲೂ ಜಾಸ್ತಿ ಹೊತ್ತು ಬೇಕು.

ಜೆಲಾಟಿನ್ ಕೂಡ ಪ್ರೋಟೀನೇ ಅಲ್ವಾ? ಅದನ್ನೇ ಜಾಸ್ತಿ ಹಾಕಿದರೆ?

ಪ್ರೋಟೀನೇ, ಆದರೆ ಅರೆಬರೆ. ದೇಹಕ್ಕೆ ಬೇಕೇ ಬೇಕಾದ ಟ್ರಿಪ್ಟೊಫ್ಯಾನ್ ಅನ್ನುವ ಅಮೈನೋ ಆಮ್ಲ ಅದರಲ್ಲಿ ಇಲ್ಲ. ಹದಕ್ಕೆ ಹಾಕಿ, ಲೆಕ್ಕಕ್ಕೆ ಹಾಕಬೇಡಿ.

ಚೈನಾ ಗ್ರಾಸ್ ಹಾಕಿದ ಕೂಡಲೇ ದಾರ ದಾರವಾಗಿ ಕಟ್ಟಿಕೊಂಡಿತು. ಯಾಕೆ?

ನಿಮ್ಮ ಮೊಸರು ತಣ್ಣಗಿತ್ತು. ಚೈನಾ ಗ್ರಾಸ್ 32ರಿಂದ 40 ಡಿಗ್ರಿಯ ನಡುವೆ ಗಟ್ಟಿಯಾಗುತ್ತದೆ, ಅಂದರೆ ಮಾಮೂಲಿ ಕೋಣೆಯಲ್ಲೇ, ಫ್ರಿಜ್ಜೇ ಬೇಕಿಲ್ಲ. ಲೆಕ್ಕ ನೋಡಿ. ಕುದಿದ ಚೈನಾ ಗ್ರಾಸಿಗೆ 50 ಡಿಗ್ರಿಯ ಹಣ್ಣು ಸೇರಿಸಿದರೆ ಮಿಶ್ರಣ ಸುಮಾರು 65 ಡಿಗ್ರಿಯಲ್ಲಿ ಇರುತ್ತದೆ. ಅದಕ್ಕೆ 25 ಡಿಗ್ರಿಯ ಮೊಸರು ಬಿದ್ದರೆ ಒಟ್ಟು 40 ದಾಟಿಯೇ ಇರುತ್ತದೆ. ತಿರುಗಿಸಲು, ಬಟ್ಟಲಿಗೆ ಸುರಿಯಲು ಒಂದೆರಡು ನಿಮಿಷ ಸಿಗುತ್ತದೆ. ಅದೇ ಮೊಸರು ಫ್ರಿಜ್ಜಿನಿಂದ ಈಗಷ್ಟೇ ತೆಗೆದದ್ದಾದರೆ ಒಟ್ಟು 30ಕ್ಕೆ ಇಳಿಯುತ್ತದೆ. ಕೈ ತಿರುಗಿಸುವ ಮೊದಲೇ ದಾರ.

ಕೈ ಅಳತೆ ಇಷ್ಟು: ಮೊಸರಿನ ಪಾತ್ರೆ ಹೊರಗಿನಿಂದ ಮುಟ್ಟಿದರೆ ತಣ್ಣಗೆ ಅನಿಸಬಾರದು. ಹಣ್ಣಿನ ತಿರುಳಿಗೆ ಬೆರಳಿಟ್ಟರೆ ಚುರುಕ್ ಅನ್ನಬೇಕು, ಸುಡಬಾರದು.

ದಾರ ಕಟ್ಟಿದ್ದನ್ನು ಸರಿ ಮಾಡಬಹುದಾ? ಮತ್ತೆ ಕರಗಿಸಲು 85 ಡಿಗ್ರಿಗೆ ಏರಿಸಬೇಕು, ಅಷ್ಟರಲ್ಲಿ ಮೊಸರು ಒಡೆದಿರುತ್ತದೆ. ಮಿಕ್ಸಿಗೆ ಹಾಕಿ ತಿರುಗಿಸಿ, ಕುಡಿಯುವ ಹದಕ್ಕೆ ತಂದು, ಮೊದಲಿನಿಂದಲೂ ಇದನ್ನೇ ಮಾಡಬೇಕು ಅಂತಿದ್ದೆ ಅನ್ನಿ. ನಾನು ಹಾಗೇ ಮಾಡಿದ್ದು.

ಗಟ್ಟಿಯೇ ಆಗಲಿಲ್ಲ. ಎಲ್ಲಿ ತಪ್ಪಿತು?

ಮೂರು ಜಾಗ ನೋಡಿ. ಚೈನಾ ಗ್ರಾಸ್ ಪೂರ್ತಿ ಕುದಿಯಲಿಲ್ಲ, ಬರೀ ಬಿಸಿನೀರಿನಲ್ಲಿ ಕಲಸಿದಿರಿ. ಅಥವಾ ಅದನ್ನು ಹುಳಿ ಹಣ್ಣಿನ ರಸದಲ್ಲೇ ಕುದಿಸಿದಿರಿ. ಅಥವಾ ಮೊಸರು ಸರಿಯಾಗಿ ಸೋಸಿರಲಿಲ್ಲ. ನನ್ನ ಅನುಭವದಲ್ಲಿ ಮೂರನೆಯದೇ ಹೆಚ್ಚು. ಜೆಲಾಟಿನ್ ಬಳಸಿದ್ದರೆ ನಾಲ್ಕನೆಯ ಕಾರಣವೂ ಇದೆ, ಮುಂದೆ ಓದಿ.

ಅನಾನಸ್, ಕಿವಿ, ಪಪ್ಪಾಯಿ ಹಾಕಬಹುದಾ?

ಇಲ್ಲಿ ನನ್ನ ಮಾನ ಹೋದ ಕತೆ ಹೇಳಲೇಬೇಕು. ಮನೆಗೆ ಎಂಟು ಜನ ಬರುವವರಿದ್ದರು. ಹಿಂದಿನ ರಾತ್ರಿಯೇ ಗಾಜಿನ ಲೋಟಗಳಲ್ಲಿ ಒಂದು ಪದರ ಮೊಸರು, ಒಂದು ಪದರ ಹಸಿ ಕಿವಿ, ಮತ್ತೆ ಮೊಸರು, ಹೀಗೆ ಜೋಡಿಸಿಟ್ಟೆ. ರಾತ್ರಿ ರುಚಿ ನೋಡಿದಾಗ ಸೊಗಸಾಗಿತ್ತು. ಮರುದಿನ ಮೊದಲ ಚಮಚ ಬಾಯಿಗಿಟ್ಟವರ ಮುಖ ನೋಡಿಯೇ ಏನೋ ಆಗಿದೆ ಅಂತ ಗೊತ್ತಾಯಿತು. ಕಹಿ. ಹಣ್ಣು ತಾಗಿದ ಕಡೆ ಮೊಸರು ತೆಳ್ಳಗೆ ನೀರಾಗಿತ್ತು, ತಾಗದ ನಡುಭಾಗ ಮಾತ್ರ ಚೆನ್ನಾಗಿತ್ತು. ಎಂಟೂ ಲೋಟ ಹಾಗೇ ವಾಪಸ್.

ಕಾರಣ ಇಷ್ಟೇ. ಈ ಹಣ್ಣುಗಳಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವಗಳಿವೆ. ಅನಾನಸ್‌ನಲ್ಲಿ ಬ್ರೊಮೆಲಿನ್, ಪಪ್ಪಾಯಿಯಲ್ಲಿ ಪಪೈನ್, ಕಿವಿಯಲ್ಲಿ ಆಕ್ಟಿನಿಡಿನ್, ಅಂಜೂರದಲ್ಲಿ ಫೈಸಿನ್. ಹಾಲಿನ ಪ್ರೋಟೀನ್ ತುಂಡಾದಾಗ ಬರುವ ಸಣ್ಣ ಚೂರುಗಳಲ್ಲಿ ಕೆಲವು ಕಹಿ. ನಾವು ಪ್ರೋಟೀನ್ ಜಾಸ್ತಿ ಮಾಡಿದಷ್ಟೂ ಕಹಿಗೆ ಸರಕು ಜಾಸ್ತಿ ಒದಗಿಸಿದ ಹಾಗೆ! ಜೆಲಾಟಿನ್ ಕೂಡ ಪ್ರೋಟೀನೇ ಆದ್ದರಿಂದ ಅದನ್ನೂ ಕತ್ತರಿಸಿ ಹಾಕುತ್ತವೆ, ಸಿಹಿ ಗಟ್ಟಿಯಾಗುವುದೇ ಇಲ್ಲ. ಚೈನಾ ಗ್ರಾಸ್ ಪ್ರೋಟೀನ್ ಅಲ್ಲ, ಅದಕ್ಕೆ ಏನೂ ಆಗುವುದಿಲ್ಲ. ಹಾಗಂತ ಮೈಮರೆಯಬೇಡಿ. ಸಿಹಿ ಗಟ್ಟಿಯಾಗಿರುತ್ತದೆ, ಆದರೆ ಕಹಿ ಬಂದೇ ಬರುತ್ತದೆ.

ಪರಿಹಾರ ಸುಲಭ. ಹಣ್ಣನ್ನು ಚೂರು ಮಾಡಿ ಐದು ನಿಮಿಷ ಚೆನ್ನಾಗಿ ಕುದಿಸಿ, ತುಂಡಿನ ನಡುಭಾಗಕ್ಕೂ ಬಿಸಿ ತಲುಪಬೇಕು. ಕಿಣ್ವದ ಆಟ ಮುಗಿಯಿತು. ಡಬ್ಬಿಯಲ್ಲಿ ಬರುವ ಅನಾನಸ್ ಆಗಲೇ ಬಿಸಿಯಾಗಿರುತ್ತದೆ, ಅದನ್ನು ಧೈರ್ಯವಾಗಿ ಹಾಕಿ, ಆದರೆ ಪಾಕ ಬಸಿದು ಹಾಕಿ. ಫ್ರೀಜರಿನಲ್ಲಿಟ್ಟ ಹಣ್ಣಿಗೆ ಈ ರಿಯಾಯಿತಿ ಇಲ್ಲ, ಚಳಿಗೆ ಕಿಣ್ವ ಸಾಯುವುದಿಲ್ಲ. ಹಸಿ ಕಿವಿಯ ಬಣ್ಣವೇ ಬೇಕು ಅಂದರೆ ತಿನ್ನುವ ಹೊತ್ತಿಗೆ ಮೇಲೆ ಇಡಿ. ಹತ್ತು ನಿಮಿಷದಲ್ಲಿ ಅದು ಏನೂ ಮಾಡಲಾರದು.

ಹಾಗಾದರೆ ನೆಮ್ಮದಿಯ ಹಣ್ಣು ಯಾವುದು?

ಸ್ಟ್ರಾಬೆರಿ, ಬ್ಲೂಬೆರಿ, ಪೀಚ್, ಬೇಯಿಸಿದ ಸೇಬು, ದಾಳಿಂಬೆ. ಮಾವೂ ಚೆನ್ನ, ತಿರುಳನ್ನು ಒಂದು ಕುದಿ ಕುದಿಸಿ ಆರಿಸಿಕೊಂಡರೆ ಯೋಚನೆಯೇ ಇಲ್ಲ. ಬಾಳೆ ರುಚಿ, ಆದರೆ ಕಪ್ಪಾಗುತ್ತದೆ. ನಿಂಬೆರಸ ಸವರಿದರೆ ಒಂದಷ್ಟು ಹೊತ್ತು ತಡೆಯುತ್ತದೆ. ಕಿತ್ತಳೆಯ ತೊಳೆ ಬಿಡಿಸಿ ಮೇಲಿಡಲು ಚೆಂದ, ರುಬ್ಬಲು ಬೇಡ, ಬರೀ ನೀರು. ಕಲ್ಲಂಗಡಿ ದಯವಿಟ್ಟು ಬೇಡ.

ಗಟ್ಟಿಯಾಗಿತ್ತು, ಮರುದಿನ ಬಟ್ಟಲಿನ ಸುತ್ತ ನೀರು ನಿಂತಿತ್ತು.

ಹಣ್ಣಿನ ನೀರು. ಸ್ಟ್ರಾಬೆರಿಯಲ್ಲಿ 91 ಭಾಗ ನೀರು, ಮಾವಿನಲ್ಲೂ 83ರಷ್ಟು. ಹೆಚ್ಚಿದ ಹಣ್ಣಿಗೆ ಸಿಹಿ ತಾಗಿದರೆ ಒಳಗಿನ ನೀರು ಹೊರಗೆ ಬರುತ್ತದೆ. ಹಾಗಾಗಿ ಅದನ್ನು ಮೊದಲೇ ಹೊರಗೆ ಕರೆಯಿರಿ. ಹೆಚ್ಚಿದ ಹಣ್ಣಿಗೆ ಒಂದು ಚಮಚ ಜೇನು ಸವರಿ ಅರ್ಧ ಗಂಟೆ ಜರಡಿಯಲ್ಲಿಡಿ. ಇಳಿದ ರಸವನ್ನು ಸಣ್ಣ ಬಾಣಲೆಯಲ್ಲಿ ಅರ್ಧಕ್ಕೆ ಇಳಿಸಿ. ಬಾಣಲೆಯ ತಳದಲ್ಲಿ ಚಮಚ ಎಳೆದರೆ ದಾರಿ ಒಂದು ಕ್ಷಣ ತೆರೆದೇ ಇರಬೇಕು. ಆ ಪಾಕವೇ ಬಡಿಸುವಾಗ ಮೇಲೆ ಸುರಿಯಲು.

ಫ್ರೀಜರಿನ ಹಣ್ಣಿಗೆ ಇದು ಇನ್ನೂ ಮುಖ್ಯ. ಹರಳುಗಟ್ಟಿದ ನೀರು ಹಣ್ಣಿನ ಜೀವಕೋಶಗಳನ್ನು ಆಗಲೇ ಸೀಳಿರುತ್ತದೆ, ಕರಗಿದ ಕೂಡಲೇ ಎಲ್ಲವನ್ನೂ ಒಮ್ಮೆಗೇ ಬಿಡುತ್ತದೆ. ಮೊದಲು ಪೂರ್ತಿ ಕರಗಿಸಿ, ಬಸಿದು, ಆಮೇಲೆ ಅಳತೆ ಮಾಡಿ. ಒಂದೆರಡು ಚಮಚ ನೀರು ಬಿಟ್ಟರೆ ತಲೆ ಕೆಡಿಸಿಕೊಳ್ಳಬೇಡಿ, ಬಟ್ಟಲು ಓರೆ ಮಾಡಿ ಚೆಲ್ಲಿ.

ಒಲೆಯೇ ಬೇಡ ಅಂದರೆ?

ಚಿಯಾ ಬೀಜ. ತನ್ನ ತೂಕದ ಸುಮಾರು ಹತ್ತು ಪಟ್ಟು ನೀರು ಹಿಡಿಯುತ್ತದೆ. ರುಬ್ಬಿದ ಹಣ್ಣಿಗೆ ಎರಡು ದೊಡ್ಡ ಚಮಚ ಹಾಕಿ ಕಲಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಿ, ಇಲ್ಲದಿದ್ದರೆ ತಳದಲ್ಲಿ ಮುದ್ದೆ ಕಟ್ಟುತ್ತದೆ. ಗಂಟೆಯ ನಂತರ ಮೊಸರಿಗೆ ಸೇರಿಸಿ. ಬೀಜದಲ್ಲಿ 100 ಗ್ರಾಂಗೆ 17 ಗ್ರಾಂ ಆಸುಪಾಸು ಪ್ರೋಟೀನ್ ಇದ್ದರೂ ಎರಡು ಚಮಚದಲ್ಲಿ ಬರುವುದು ಮೂರು, ನಾಲ್ಕು ಗ್ರಾಂ ಮಾತ್ರ. ಒಣ ಬೀಜವನ್ನು ಹಾಗೇ ಬಾಯಿಗೆ ಹಾಕಿಕೊಳ್ಳಬೇಡಿ, ಗಂಟಲಲ್ಲಿ ಉಬ್ಬೀತು.

ಸಕ್ಕರೆ ಎಷ್ಟು ಕಮ್ಮಿ ಮಾಡಬಹುದು?

ಹಣ್ಣು ಚೆನ್ನಾಗಿ ಮಾಗಿದ್ದರೆ ಪೂರ್ತಿ ಬಿಡಬಹುದು. ಒಂದು ವಿಷಯ ಮರೆಯಬೇಡಿ. ತಣ್ಣಗಿದ್ದಾಗ ಸಿಹಿ ಕಮ್ಮಿ ಗೊತ್ತಾಗುತ್ತದೆ. ಕಲಸುವಾಗ ಸರಿಯಾಗಿದೆ ಅನಿಸಿದ್ದು ಫ್ರಿಜ್ಜಿನಿಂದ ಬರುವಾಗ ಸಪ್ಪೆ. ಹಾಗಾಗಿ ಕಲಸುವಾಗ ಒಂದು ಕೂದಲಷ್ಟು ಜಾಸ್ತಿಯೇ ಇರಲಿ. ಜೇನು ಹಾಕಿದರೆ ಸಕ್ಕರೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರಿಗೆ: ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜೇನೂ ಸಕ್ಕರೆಯ ಲೆಕ್ಕದಲ್ಲೇ ಬರುತ್ತದೆ. ದಿನದ ಶಕ್ತಿಯ 10 ಪ್ರತಿಶತಕ್ಕಿಂತ ಕಮ್ಮಿ, ಸಾಧ್ಯವಾದರೆ 5ಕ್ಕಿಂತಲೂ ಕಮ್ಮಿ ಇರಲಿ ಅನ್ನುತ್ತಾರೆ. ಆ 5 ಅಂದರೆ ದಿನಕ್ಕೆ ಸುಮಾರು 25 ಗ್ರಾಂ. ನಮ್ಮ ಅಳತೆಯಲ್ಲಿ ಬಟ್ಟಲಿಗೆ ಬೀಳುವ ಜೇನು ಐದಾರು ಗ್ರಾಂ.

ಕೆಳಗೆ ಬಿಸ್ಕತ್ತಿನಂಥ ಪದರ ಬೇಕು, ಬೇಕ್ ಮಾಡದೆ ಆಗುತ್ತದಾ?

60 ಗ್ರಾಂ ಓಟ್ಸ್, 40 ಗ್ರಾಂ ಬಾದಾಮಿ ಬಾಣಲೆಯಲ್ಲಿ ಹುರಿದು ತರಿಯಾಗಿ ಪುಡಿ ಮಾಡಿ. ಐದಾರು ಮೆತ್ತಗಿನ ಖರ್ಜೂರ ಸೇರಿಸಿ ಮತ್ತೊಂದು ಸುತ್ತು. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು. ಲೋಟದ ತಳದಿಂದ ಬಟ್ಟಲಿಗೆ ಒತ್ತಿ. ಕ್ಯಾಲೊರಿ ಏರುತ್ತದೆ, ಅದು ನೆನಪಿರಲಿ. ಹಸಿ ಗೋಧಿ ಹಿಟ್ಟು, ಮೈದಾ ಹಾಕಬೇಡಿ. ಬೇಯದ ಹಿಟ್ಟಿನಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಇರಬಹುದು. ಅವಲಕ್ಕಿಯ ಹಾಗೆ ಚಪ್ಪಟೆಯಾದ ಓಟ್ಸ್ ಹಬೆಯಲ್ಲಿ ಬೆಂದು ಬಂದಿರುತ್ತದೆ.

ಹಸಿ ಮೊಟ್ಟೆಯ ಬಿಳಿ ಹಾಕಿ ಹಗುರ ಮಾಡಬಹುದಾ?

ಪಾಶ್ಚರೀಕರಿಸಿದ್ದು ಸಿಕ್ಕರೆ ಮಾತ್ರ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಇದೆ, ಇಲ್ಲಿ ಅದನ್ನು ಕೊಲ್ಲುವಷ್ಟು ಬಿಸಿ ಎಲ್ಲೂ ಇಲ್ಲ.

ಹಾಲಿನದ್ದು ಆಗುವುದಿಲ್ಲ. ಬೇರೆ ದಾರಿ?

ರೇಷ್ಮೆಯಷ್ಟು ನುಣುಪಾದ ಸಿಲ್ಕನ್ ತೋಫು, ಅಂದರೆ ಸೋಯಾ ಹಾಲಿನ ಮೆತ್ತಗಿನ ಪನೀರು. 400 ಗ್ರಾಂ ಬಸಿದು, ಮಿಕ್ಸಿಯಲ್ಲಿ ಎರಡು ನಿಮಿಷ ತಿರುಗಿಸಿ. ಮೊಸರಿನ ಹಾಗೆ ತೆಳ್ಳಗಾಗುವ ಭಯ ಇಲ್ಲ. ಹುಳಿ ಇರುವುದಿಲ್ಲವಾದ್ದರಿಂದ ಅರ್ಧ ನಿಂಬೆಹಣ್ಣಿನ ರಸ ಕೊನೆಯಲ್ಲಿ ಹಾಕಿ. ಗೋಡಂಬಿ ರುಬ್ಬಿ ಹಾಕುವವರೂ ಇದ್ದಾರೆ. ರುಚಿಗೆ ಸೈ, ಆದರೆ ಹಗುರ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಹಾಲಿನ ಸಕ್ಕರೆ ಮಾತ್ರ ಜೀರ್ಣವಾಗದವರಿಗೆ ಸೋಸಿದ ಮೊಸರು ಮತ್ತು ವೇ ಐಸೊಲೇಟ್ (ಹೆಚ್ಚು ಶುದ್ಧ ಮಾಡಿದ ವೇ ಪುಡಿ) ಬಹಳ ಸಲ ಒಗ್ಗುತ್ತದೆ, ಲ್ಯಾಕ್ಟೋಸ್ ಅಂದರೆ ಆ ಸಕ್ಕರೆ ಕಮ್ಮಿ ಇರುತ್ತದೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರು ಎರಡನ್ನೂ ಮುಟ್ಟಬಾರದು.

ಮಕ್ಕಳಿಗೆ, ವಯಸ್ಸಾದವರಿಗೆ ಕೊಡಬಹುದಾ?

ಒಂದು ವರ್ಷ ತುಂಬದ ಮಗುವಿಗೆ ಜೇನು ಯಾವ ರೂಪದಲ್ಲೂ ಬೇಡ, ಬೊಟುಲಿಸಂ ಅನ್ನುವ ನಂಜಿನ ಕಾಯಿಲೆಯ ಅಪಾಯ ಇದೆ. ದೊಡ್ಡ ಮಕ್ಕಳಿಗೆ ಪುಡಿ ಬಿಟ್ಟು ಮಾಡಿ, ಮೊಸರೇ ಸಾಕು. ವಯಸ್ಸಾದವರಿಗೆ ಇದು ತುಂಬಾ ಒಗ್ಗುತ್ತದೆ, ಅಗಿಯುವ ಕಷ್ಟ ಇಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಜಾಸ್ತಿ ಮಾಡುವ ಮೊದಲು ವೈದ್ಯರನ್ನು ಕೇಳಲಿ.

ಎಷ್ಟು ದಿನ ಇಡಬಹುದು? ಫ್ರೀಜರಿನಲ್ಲಿ?

ಫ್ರಿಜ್ಜಿನಲ್ಲಿ ಮುಚ್ಚಿಟ್ಟು ಮೂರು ದಿನ. ಎರಡನೇ ದಿನದ್ದು ಮೊದಲ ದಿನಕ್ಕಿಂತ ರುಚಿ. ಮೇಲಿನ ಹಸಿ ಹಣ್ಣನ್ನು ತಿನ್ನುವ ದಿನವೇ ಹಾಕಿ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ, ಸೆಕೆಯಾದರೆ ಇನ್ನೂ ಕಮ್ಮಿ.

ಫ್ರೀಜರ್ ಬೇಡ. ಚೈನಾ ಗ್ರಾಸ್ ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಸ್ಪಂಜಿನ ಹಾಗೆ ನೀರು ಬಿಡುತ್ತದೆ. ಜಪಾನಿನಲ್ಲಿ ಅದನ್ನು ಒಣಗಿಸುವ ಹಳೆಯ ಕ್ರಮವೇ ಇದು: ರಾತ್ರಿಯ ಚಳಿಗೆ ಹೆಪ್ಪುಗಟ್ಟಲು ಬಿಡುವುದು, ಹಗಲಲ್ಲಿ ಕರಗಿ ನೀರು ಇಳಿಯಲು ಬಿಡುವುದು, ಹೀಗೆ ದಿನಗಟ್ಟಲೆ. ನಾವು ಇಷ್ಟು ಕಷ್ಟಪಟ್ಟು ಹಿಡಿದಿಟ್ಟ ನೀರನ್ನು ಫ್ರೀಜರ್ ಒಂದೇ ರಾತ್ರಿಯಲ್ಲಿ ಬಿಡಿಸಿಬಿಡುತ್ತದೆ.

ಬಟ್ಟಲಿನಿಂದ ತಟ್ಟೆಗೆ ಬೋರಲು ಹಾಕಿದರೆ ನಿಲ್ಲುತ್ತದಾ?

ಮೇಲಿನ ಅಳತೆಯಲ್ಲಿ ನಿಲ್ಲುವುದಿಲ್ಲ, ಕುಸಿಯುತ್ತದೆ. ಚೈನಾ ಗ್ರಾಸನ್ನು ಒಂದೂವರೆ ಚಮಚ ಮಾಡಿ, ಬಟ್ಟಲಿಗೆ ಸುರಿಯುವ ಮೊದಲು ಒಳಗೆಲ್ಲ ತಣ್ಣೀರು ಆಡಿಸಿ ಚೆಲ್ಲಿ. ತೆಗೆಯುವಾಗ ಅಂಚಿನ ಸುತ್ತ ಬೆರಳ ತುದಿಯಿಂದ ಮೆಲ್ಲಗೆ ಒಳಕ್ಕೆ ಒತ್ತಿ, ಒಂದು ಕಡೆ ಗಾಳಿ ಹೋಗಲು ಬಿಡಿ. ತಟ್ಟೆ ಮುಚ್ಚಿ, ತಿರುಗಿಸಿ, ಒಂದು ಸಲ ಕುಲುಕಿ. ಪ್ಲಕ್ ಅಂತ ಸಣ್ಣ ಸದ್ದು ಬರುತ್ತದೆ. ಸದ್ದು ಬರುವ ತನಕ ಬಟ್ಟಲು ಎತ್ತಬೇಡಿ.